ಪಿಎಂ ಕಿಸಾನ್ ಪಟ್ಟಿ: ಐದು ಎಕರೆ ದಾಟಿದವರು ಅಕ್ರಮ ಫಲಾನುಭವಿಗಳಲ್ಲ

ನಮ್ಮೂರಿನ ಪಿಎಂ ಕಿಸಾನ್ ಫಲಾನುಭವಿಗಳ ಪಟ್ಟಿಯ ಚಿತ್ರ ಎರಡು ದಿನಗಳಿಂದ ಮೊಬೈಲ್‌ಗಳಲ್ಲಿ ಸುತ್ತುತ್ತಿದೆ. ಐದು ಎಕರೆಗಿಂತ ಹೆಚ್ಚು ಜಮೀನಿರುವವರ ಹೆಸರುಗಳಿಗೆ ಕೆಂಪು ಗೆರೆ ಎಳೆದು, ‘ಸೋರಿಕೆಯಾದ ಗುಪ್ತ ಪಟ್ಟಿ, ಇವರೆಲ್ಲ ಸರ್ಕಾರಕ್ಕೆ ಮೋಸ ಮಾಡಿದವರು’ ಎಂದು ಬರೆಯಲಾಗಿದೆ. ನಾನೂ ಪರಿಶೀಲಿಸದೆ ಅದನ್ನು ಇಬ್ಬರಿಗೆ ಕಳುಹಿಸಿದ್ದೆ. ಅದು ತಪ್ಪು, ಆ ಇಬ್ಬರಿಗೂ ತಿಳಿಸಿದ್ದೇನೆ.

2 ಹೆಕ್ಟೇರ್, ಅಂದರೆ ಸುಮಾರು ಐದು ಎಕರೆಯ ಮಿತಿ ಯೋಜನೆಯ ಆರಂಭದಲ್ಲಿತ್ತು. 2019ರ ಮೇ 31ರಂದು ಕೇಂದ್ರ ಸಚಿವ ಸಂಪುಟ ಅದನ್ನು ತೆಗೆದುಹಾಕಿತು. ಈಗ ಎರಡು ಎಕರೆಯವರಿಗೂ ಇಪ್ಪತ್ತು ಎಕರೆಯವರಿಗೂ ವರ್ಷಕ್ಕೆ ಸಿಗುವುದು ಅದೇ 6,000 ರೂಪಾಯಿ, 2,000ದ ಮೂರು ಕಂತುಗಳಲ್ಲಿ. ಎಕರೆ ಲೆಕ್ಕವಿಲ್ಲ. ಹೊರಗಿಟ್ಟಿರುವುದು ಬೇರೆಯವರನ್ನು: ಆದಾಯ ತೆರಿಗೆ ಕಟ್ಟುವವರು, ಸಂಸ್ಥೆಗಳ ಹೆಸರಿನ ಜಮೀನು ಮುಂತಾದವು. ಪಹಣಿಯ ವಿಸ್ತೀರ್ಣವೊಂದನ್ನೇ ನೋಡಿ ಅನರ್ಹತೆ ಹೇಳಲಾಗದು.

ಪಟ್ಟಿಯೂ ಗುಪ್ತವಲ್ಲ. ಯೋಜನೆಯ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಆರಿಸಿದರೆ ಯಾರಿಗಾದರೂ ಕಾಣುತ್ತದೆ. ಸಹಾಯಧನ ಕಾರ್ಯಕ್ರಮಗಳ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಳುತ್ತದೆ. ಈ ಪಾರದರ್ಶಕತೆ ರೈತರಿಗೇ ಬೇಕಾದದ್ದು. ಹೆಸರು ಬಿಟ್ಟುಹೋದವರಿಗೆ ಅದು ಗೊತ್ತಾಗುವುದೂ ಹೀಗೆಯೇ.

ನಿಜವಾದ ಅನುಮಾನವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಲಿಖಿತವಾಗಿ ಕೊಡಿ. ಕೆಂಪು ಗೆರೆಯ ಆ ಚಿತ್ರವನ್ನು ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ, ಕಳುಹಿಸಿದ್ದರೆ ಅಳಿಸಿಬಿಡಿ.