ಬೀಗದ ಕೈ ಓನರ್ ಹತ್ರ ಇದೆ, ನೀವು ಗಾಬರಿಯಾಗಬೇಡಿ

'ಅಗ್ನಿ ಸುರಕ್ಷತಾ ಜಾಗೃತಿ ಕಾರ್ಯಕ್ರಮವನ್ನು ಗಣ್ಯರು ದೀಪ ಬೆಳಗಿಸಿ ಉದ್ಘಾಟಿಸಿದರು.' ಈ ವಾಕ್ಯ ಬರೆದವರು ತಮಾಷೆಗೆ ಬರೆದದ್ದಲ್ಲ. ಏಪ್ರಿಲ್ ಬಂತೆಂದರೆ ಪತ್ರಿಕೆಯ ಒಳಪುಟದಲ್ಲಿ ಇದು ಅಚ್ಚಾಗುತ್ತದೆ, ಜೊತೆಗೊಂದು ಫೋಟೊ. ಫೋಟೊದಲ್ಲಿ ಐದು ಬತ್ತಿಯ ದೀಪ, ದೀಪದ ಸುತ್ತ ಜರಿ ಶಾಲು ಹೊದ್ದವರ ಗುಂಪು, ಅವರ ಬೆನ್ನಿಗೆ ನೈಲಾನ್ ಪರದೆ, ಪರದೆಗೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿದ ಫ್ಲೆಕ್ಸು. ದೀಪ ಹತ್ತುವಾಗ ಗಾಳಿಗೆ ಆರಬಾರದೆಂದು ಪಕ್ಕದ ಪೆಡೆಸ್ಟಲ್ ಫ್ಯಾನನ್ನು ಆಫ್ ಮಾಡಿಸಿರುತ್ತಾರೆ. ಇಡೀ ಕಾರ್ಯಕ್ರಮದಲ್ಲಿ ನಡೆಯುವ ಒಂದೇ ಒಂದು ನಿಜವಾದ ಮುನ್ನೆಚ್ಚರಿಕೆ ಅದು. ಅದೂ ಬೆಂಕಿ ಆರದಿರಲಿ ಅಂತ.

ನಮ್ಮ ಬಡಾವಣೆಯಲ್ಲೂ ಈ ಪುಣ್ಯಕಾರ್ಯ ನಡೆಯಿತು. ಈ ಸಲದ ವಿಷಯ, 'ಹಿರಿಯ ನಾಗರಿಕರು, ವಿಕಲಚೇತನರು ಹಾಗೂ ಯುವಜನರಿಗೆ ಅಗ್ನಿ ಅನಾಹುತದ ಅರಿವು'. ಹಿರಿಯ ನಾಗರಿಕರೆಂದರೆ ಮಕ್ಕಳು ಟೆಕ್ಸಾಸಿನಲ್ಲಿದ್ದು, ತಾವು ಐದನೇ ಮಹಡಿಯಲ್ಲಿರುವವರು. ಯುವಜನರೆಂದರೆ ಪಿ.ಜಿ., ಅಂದರೆ ಪೇಯಿಂಗ್ ಗೆಸ್ಟ್ ಮನೆಗಳ ಹುಡುಗರು, ಹುಡುಗಿಯರು. ಭಾನುವಾರ ಬೆಳಿಗ್ಗೆ ಅವರು ಬಂದದ್ದು ಅರಿವಿನ ಹಸಿವಿಗಲ್ಲ. ಪಿ.ಜಿ.ಯಲ್ಲಿ ಅವತ್ತು ತಿಂಡಿ ಇಲ್ಲ, ಇಲ್ಲಿ ಪುಳಿಯೋಗರೆ ಇದೆ ಎಂದು ಓನರೇ ಕಳಿಸಿದ್ದರು. ವಿಕಲಚೇತನರು ಬರಲಿಲ್ಲ. ಸಮುದಾಯ ಭವನದ ಸಭಾಂಗಣ ಮೊದಲನೇ ಮಹಡಿಯಲ್ಲಿದೆ, ರ‍್ಯಾಂಪ್ ಇಲ್ಲ.

ಅಗ್ನಿಶಾಮಕ ದಳದವರ ಬಗ್ಗೆ ನನ್ನದೇನೂ ತಕರಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬಿಸಿಲಲ್ಲಿ ಬೂಟು ಹಾಕಿಕೊಂಡು ಬಂದು, ತಗಡಿನ ತಟ್ಟೆಯಲ್ಲಿ ಡೀಸೆಲ್ ಸುರಿದು ಬೆಂಕಿ ಹಚ್ಚಿ, ಪಿನ್ ಕಿತ್ತು, ಬೆಂಕಿಯ ಬುಡಕ್ಕೆ ಗುರಿ ಇಟ್ಟು, ಹಿಡಿಕೆ ಅದುಮಿ, ಅತ್ತಿತ್ತ ಆಡಿಸಿ ಆರಿಸಿ ತೋರಿಸುತ್ತಾರೆ. ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಸರಿಯಾಗಿ ವಿಡಿಯೊದಲ್ಲಿ ಬರಲಿಲ್ಲ, ಇನ್ನೊಂದು ಸಲ ಹಚ್ಚಿ ಎಂದು ವೇದಿಕೆಯ ಮೇಲಿದ್ದವರೊಬ್ಬರು ಕೇಳಿಕೊಂಡರು. ಪಾಪ, ಇನ್ನೊಂದು ಸಲ ಹಚ್ಚಿದರು.

ಈ ಅಗ್ನಿಶಾಮಕ ಸೇವಾ ಸಪ್ತಾಹ ಏಪ್ರಿಲ್ 14ರಿಂದ 20ರವರೆಗೇ ಯಾಕೆ ಎಂಬುದು ಸ್ವಾಗತ ಭಾಷಣದಲ್ಲಿ ಬರುತ್ತದೆಂದು ಕಾದೆ. ಬರಲಿಲ್ಲ, ಸ್ವಾಗತ ಮಾಡಬೇಕಾದ ಹೆಸರುಗಳೇ ಅಷ್ಟಿದ್ದವು. ಆ ಕಥೆ ಬಿಡುವಂಥದ್ದಲ್ಲ. 1944ರ ಏಪ್ರಿಲ್ 14ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಒಳಗೆ ಸುಮಾರು 1,400 ಟನ್ ಸ್ಫೋಟಕ. ಸಾಲದೆಂಬಂತೆ ಕರಾಚಿಯಲ್ಲಿ ಅದಕ್ಕೆ ಹತ್ತಿಯ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ತುಂಬಿದ್ದರು. ಇವುಗಳ ನಡುವೆ ಪೆಟ್ಟಿಗೆಗಳಲ್ಲಿ ಬ್ಯಾಂಕಿನ ಚಿನ್ನದ ಗಟ್ಟಿ. ಮಧ್ಯಾಹ್ನ ಹೊಗೆ ಕಂಡಿತು, ಸಂಜೆ ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗೇ ಸಿಡಿಯಿತು. ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯಲ್ಲಿ 66 ಜನ ಸತ್ತರು. ಬಂದರಿನಲ್ಲೂ ಸುತ್ತಲೂ ಸತ್ತವರು ನೂರಾರು. ಊರ ಮೇಲೆ ಚಿನ್ನದ ಗಟ್ಟಿಗಳು ಉದುರಿದವು, ದೂರದ ಮನೆಯೊಂದರ ಮೇಲೂ ಒಂದು ಬಿತ್ತು. ದಶಕಗಳು ಕಳೆದ ಮೇಲೂ ಬಂದರಿನ ಹೂಳೆತ್ತುವಾಗ ಚಿನ್ನ ಸಿಕ್ಕಿತೆನ್ನುತ್ತಾರೆ.

ಹತ್ತಿ, ಎಣ್ಣೆ, ಮದ್ದುಗುಂಡು ಎಲ್ಲವನ್ನೂ ಒಂದೇ ಹೊಟ್ಟೆಯಲ್ಲಿ ಯಾವ ಬುದ್ಧಿವಂತ ತುಂಬಿಸಿದ ಎಂದು ಈಗ ಓದುವವರಿಗೆ ಆಶ್ಚರ್ಯವಾಗಬಹುದು. ನನಗೆ ಆಗುವುದಿಲ್ಲ. ನಾನು ನಮ್ಮ ರಸ್ತೆಯ ಪಿ.ಜಿ.ಯ ಬೇಸ್‌ಮೆಂಟ್ ನೋಡಿದ್ದೇನೆ. ಮೆಟ್ಟಿಲ ಕೆಳಗೆ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜಿಂಗು, ಅದರ ವೈರು ಎರಡನೇ ಮಹಡಿಯ ಕಿಟಕಿಯಿಂದ ಇಳಿದಿರುತ್ತದೆ. ಪಕ್ಕದಲ್ಲಿ ಹಳೇ ಹಾಸಿಗೆಗಳ ರಾಶಿ. ಹಾಸಿಗೆಯಾಚೆ ಅಡುಗೆಮನೆ, ಅಲ್ಲಿ 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್ ಇರಬೇಕಾದಲ್ಲಿ ಮನೆಬಳಕೆಯ 14.2 ಕೆ.ಜಿ.ಯವು ಸಾಲಾಗಿ ನಿಂತಿರುತ್ತವೆ. ಎಲ್.ಪಿ.ಜಿ. ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೆಲದಲ್ಲೇ ಹಾಸಿಕೊಂಡು ಕೂರುತ್ತದೆ. ಮಹಡಿಯ ಅಡುಗೆಮನೆಯಾದರೆ ಬಾಗಿಲಿನಿಂದ ಹೊರಗೆ ಹರಿಯಲೂಬಹುದು, ಬೇಸ್‌ಮೆಂಟಿನಿಂದ ಎಲ್ಲಿಗೆ ಹರಿಯಬೇಕು? ಇಷ್ಟರ ನಡುವೆ ಚಿನ್ನ ಎಲ್ಲಿ ಎಂದು ಕೇಳಬೇಡಿ, ಓನರು ಪ್ರತಿ ಬೆಡ್ಡಿಗೆ ಎಷ್ಟು ತೆಗೆದುಕೊಳ್ಳುತ್ತಾರೆಂದು ವಿಚಾರಿಸಿ.

ಸಿಲಿಂಡರ್ ಮಾತು ಬಂದದ್ದರಿಂದ ಒಂದು ಉಪಯೋಗದ ಸಂಗತಿ. ಹಿಡಿಕೆಗೆ ಸೇರಿದ ಲೋಹದ ಪಟ್ಟಿಗಳ ಒಳಮೈಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದು, ಮುಂದೆ ಎರಡಂಕಿ ಬರೆದಿರುತ್ತದೆ. ಬಿ 27 ಎಂದಿದ್ದರೆ 2027ರ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು ಎಂದರ್ಥ. ಇದನ್ನು ಕಾರ್ಯಕ್ರಮದಲ್ಲಿ ಅಧಿಕಾರಿಯೊಬ್ಬರು ಚೆನ್ನಾಗಿಯೇ ಹೇಳಿಕೊಟ್ಟರು. ಮುಂದಿನ ಸಾಲಿನ ಹುಡುಗಿ ಬರೆದೂಕೊಂಡಳು. ಆ ಹುಡುಗಿಯ ಪಿ.ಜಿ.ಯ ಅಡುಗೆಮನೆ ಬಾಗಿಲಲ್ಲಿ 'ನೋ ಎಂಟ್ರಿ ಫಾರ್ ಗೆಸ್ಟ್ಸ್' ಎಂಬ ಬೋರ್ಡಿದೆ. ಆ ಬೋರ್ಡು ಹಾಕಿಸಿದ ಓನರು ವೇದಿಕೆಯಲ್ಲಿ ಎಡದಿಂದ ಮೂರನೆಯವರು. ಪುಳಿಯೋಗರೆಯ ಖರ್ಚು ಅವರದೇ ಆದ್ದರಿಂದ ಮೈಸೂರು ಪೇಟವೂ ಅವರಿಗೇ.

ಇನ್ನು ಹಿರಿಯರಿಗೆ ಕೊಟ್ಟ ಕರಪತ್ರ. ದಪ್ಪ ಕಾಗದ, ನಾಲ್ಕು ಬಣ್ಣ. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ, ಮೆಟ್ಟಿಲು ಬಳಸಿ. ಹೊಗೆ ತುಂಬಿದ್ದರೆ ಒದ್ದೆ ಬಟ್ಟೆ ಮೂಗಿಗೆ ಹಿಡಿದು ಮಂಡಿಯೂರಿ ತೆವಳಿಕೊಂಡು ಬನ್ನಿ. 101 ಅಥವಾ 112ಕ್ಕೆ ಕರೆ ಮಾಡಿ. ಗಾಬರಿಯಾಗಬೇಡಿ. ಒಂದೊಂದೂ ಸರಿಯಾದ ಸಲಹೆಯೇ, ಜನ ಸಾಯುವುದು ಜ್ವಾಲೆಗಿಂತ ಹೆಚ್ಚಾಗಿ ಹೊಗೆಗೆ. ಆದರೆ ಕರಪತ್ರ ಹಿಡಿದು ಕೂತಿದ್ದ ನಮ್ಮ ಐದನೇ ಮಹಡಿಯ ಅಜ್ಜಿಗೆ ಎರಡೂ ಮಂಡಿ ಬದಲಾಯಿಸಿದೆ. ಕೈಯಲ್ಲಿ ವಾಕರ್. ಅವರು ಎದ್ದು ಕೇಳಿದರು:

"ಅಲ್ಲಪ್ಪಾ, ಲಿಫ್ಟ್ ಹತ್ತಬೇಡಿ ಅಂತೀಯ. ಮೆಟ್ಟಿಲು ಇಳಿಯೋಕೆ ನನ್ನ ಕೈಲಾಗಲ್ಲ. ತೆವಳೋಕೆ ಡಾಕ್ಟ್ರೇ ಬೇಡ ಅಂದಿದ್ದಾರೆ. ನಾನೇನು ಮಾಡ್ಲಿ?"

"ಅಮ್ಮಾ, ನೀವು ಗಾಬರಿ ಆಗಬೇಡಿ," ಎಂದರು ನಿರೂಪಕರು. ಅಧಿಕಾರಿ ಏನೋ ಹೇಳಲು ಮೈಕಿಗೆ ಕೈಚಾಚಿದರು, ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಬಂತು.

ಅಜ್ಜಿಯ ಬಾಲ್ಕನಿಗೆ ಗ್ರಿಲ್ಲಿದೆ, ನಮ್ಮೆಲ್ಲರ ಬಾಲ್ಕನಿಗೂ ಇದೆ. ನೆಲಮಹಡಿಗೆ ಕಳ್ಳ ಬಂದಾನೆಂದು ಶುರುವಾದದ್ದು ಈಗ ಹತ್ತನೇ ಮಹಡಿಗೂ ಏರಿದೆ. ಅಷ್ಟೆತ್ತರಕ್ಕೆ ಹತ್ತಿ ಬರುವ ಕಳ್ಳನಿಗೆ ಕಳ್ಳತನ ಮಾಡುವ ಗ್ರಹಚಾರವೇನಿದೆ, ಸರ್ಕಸ್ಸು ಸೇರಬಹುದು. 2021ರ ಸೆಪ್ಟೆಂಬರಿನಲ್ಲಿ ಬನ್ನೇರುಘಟ್ಟ ರಸ್ತೆ ಕಡೆಯ ದೇವರಚಿಕ್ಕನಹಳ್ಳಿ ಅಪಾರ್ಟ್‌ಮೆಂಟಿನ ವಿಡಿಯೊ ನೀವೆಲ್ಲ ನೋಡಿದ್ದೀರಿ, ಫಾರ್ವರ್ಡೂ ಮಾಡಿದ್ದೀರಿ. ಬಾಲ್ಕನಿ ಗ್ರಿಲ್ಲಿನ ಹಿಂದೆ ನಿಂತು ಕೂಗಿದ ಮಹಿಳೆ, ಕೆಳಗೆ ನಿಂತ ಅಷ್ಟೂ ಜನ. ಅವರೂ ಅವರ ವಯಸ್ಸಾದ ತಾಯಿಯೂ ಉಳಿಯಲಿಲ್ಲ. ಆ ವಾರ ನಮ್ಮ ಅಸೋಸಿಯೇಷನ್ ಗ್ರೂಪಿನಲ್ಲಿ ಕೈಮುಗಿದ ಎಮೋಜಿಗಳು ಬಂದವು. ಗ್ರಿಲ್ಲಿನ ಒಂದು ಸರಳೂ ಅಲುಗಲಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಹಿಂದಿನವರನ್ನು ಆಡಿಕೊಂಡದ್ದು ಸಾಕು. ನಾವು ಮುಂದುವರಿದಿದ್ದೇವೆ. ಬೆಂಕಿ ಬೀಳುವ ಮುಂಚೆಯೇ ಬಾವಿ ತೋಡುವ ವಿಧಾನದ ಬಗ್ಗೆ ಉಪನ್ಯಾಸ ಏರ್ಪಡಿಸುತ್ತೇವೆ. ಗುದ್ದಲಿ ಮಾತ್ರ ಓನರ್ ಹತ್ತಿರ ಇರುತ್ತದೆ.

ಮುಖ್ಯ ಅತಿಥಿಗಳು ತಮ್ಮ ಭಾಷಣದಲ್ಲಿ ಏಣಿಯ ವಿಷಯ ಎತ್ತಿದರು. 2023ರಲ್ಲಿ ಬೆಂಗಳೂರಿಗೆ ಬಂದ 90 ಮೀಟರಿನ ಏಣಿ, ಫಿನ್ಲೆಂಡಿನದು, ಮೂವತ್ತು ಕೋಟಿ ರೂಪಾಯಿಗೂ ಮೇಲೆ. ಒಳ್ಳೆಯ ಏಣಿ, ಬೇಕಾದ ಏಣಿ, ನನಗದರ ಮೇಲೆ ಗೌರವವಿದೆ. ಅದು ನಮ್ಮ ರಸ್ತೆಗೆ ಬರುವುದನ್ನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ಮೊದಲ ತಿರುವಿನಲ್ಲಿ ಕಬ್ಬಿನ ಹಾಲಿನ ಗಾಡಿ. ಅದನ್ನು ಸರಿಸಿದರೆ ಎರಡೂ ಬದಿ ಕಾರುಗಳು, ಕಾರುಗಳ ಮಾಲೀಕರು ಊರಲ್ಲಿಲ್ಲ. ತಲೆಯ ಮೇಲೆ ಇಂಟರ್ನೆಟ್ ಕೇಬಲ್ಲುಗಳ ಚಪ್ಪರ, ಬೇಸಿಗೆಯಲ್ಲಿ ನೆರಳು ಕೊಡುವಷ್ಟು ದಟ್ಟ. ಅದರಾಚೆ ನಿನ್ನೆ ತಾನೇ ಡಾಂಬರು ಹಾಕಿ ಇವತ್ತು ಅಗೆದ ಗುಂಡಿ. ಆಕಾಶದೆತ್ತರಕ್ಕೆ ಹೋಗಬಲ್ಲ ಏಣಿ ಭೂಮಿಯ ಮೇಲೆ ನೂರು ಅಡಿ ಹೋಗಲಾರದೆ ನಿಂತಿರುತ್ತದೆ. ಡ್ರೈವರಿಗೆ ಯಾರೋ "ಸ್ವಲ್ಪ ರಿವರ್ಸ್ ಹೋಗಿ ಸಾರ್, ಆ ಕಡೆ ಕ್ರಾಸಿಂದ ಬನ್ನಿ" ಎನ್ನುತ್ತಾರೆ.

ಕಟ್ಟಡದ ಎತ್ತರದ್ದೂ ಒಂದು ಚಮತ್ಕಾರ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ 15 ಮೀಟರ್ ಮುಟ್ಟಿದರೆ ಅದು ಬಹುಮಹಡಿ, ನಿಯಮ ಬಿಗಿ. ನಕ್ಷೆಯಲ್ಲಿ ನಮ್ಮ ಕಟ್ಟಡಗಳು ಯಾವ ಮಿತಿ ಇದ್ದರೂ ಅದರ ಕೆಳಗೇ ವಿನಯದಿಂದ ತಲೆತಗ್ಗಿಸಿ ನಿಲ್ಲುತ್ತವೆ. ಮೇಲಿನ ಶೀಟಿನ ಮನೆ, ಅದರ ಮೇಲಿನ ಪಿ.ಜಿ. ರೂಮು, ರೂಫ್‌ಟಾಪ್ ಕೆಫೆ ಇವೆಲ್ಲ ಆಮೇಲೆ ಮಳೆಗೆ ಮೊಳೆತದ್ದು. 2023ರ ಅಕ್ಟೋಬರಿನಲ್ಲಿ ಕೋರಮಂಗಲದ ಅಂಥದೊಂದು ರೂಫ್‌ಟಾಪ್ ಕೆಫೆ ಹೊತ್ತಿದಾಗ ಒಬ್ಬ ಮೇಲಿಂದ ಜಿಗಿದದ್ದನ್ನು ಊರೆಲ್ಲ ಮೊಬೈಲಿನಲ್ಲಿ ನೋಡಿತು.

ಪ್ರಶ್ನೋತ್ತರದಲ್ಲಿ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಕೈಯೆತ್ತಿದ.

"ಸರ್, ರಾತ್ರಿ ಹನ್ನೊಂದಕ್ಕ ನಮ್ಮ ಪಿ.ಜಿ. ಗೇಟಿಗೆ ಕೀಲಿ ಹಾಕ್ತಾರ್ರಿ. ಟೆರೇಸಿಗೂ ಕೀಲಿ. ಕೆಳಗ ಬೆಂಕಿ ಹತ್ತಿದ್ರ ನಾವು ಯಾವ ಕಡೆ ಓಡೋದ್ರಿ?"

ಸಭಾಂಗಣ ನಕ್ಕಿತು. ಅಧಿಕಾರಿ ನಗಲಿಲ್ಲ, ತಿರುಗಿ ಪೇಟ ಧರಿಸಿದವರನ್ನು ನೋಡಿದರು. ಅವರು ಫೋನು ನೋಡಿದರು. ಆಮೇಲೆ ಎದ್ದು ನಿಂತು ವಿವರಿಸಿದರು: ಟೆರೇಸಿಗೆ ಬಿಟ್ಟರೆ ಹುಡುಗರು ಸಿಗರೇಟು ಸೇದುತ್ತಾರೆ, ಸಿಗರೇಟಿನಿಂದ ಬೆಂಕಿ ಬೀಳುತ್ತದೆ, ಆದ್ದರಿಂದ ಬೀಗ ಹಾಕಿರುವುದೇ ಅಗ್ನಿ ಸುರಕ್ಷತೆಗಾಗಿ. ಚಪ್ಪಾಳೆ ಬಿತ್ತು. ಬೀಗದ ಕೈ ತಮ್ಮ ಹತ್ತಿರ ಭದ್ರವಾಗಿದೆ, ಯಾವಾಗ ಬೇಕಾದರೂ ಫೋನ್ ಮಾಡಬಹುದು, ತಾವು ಇರುವುದು ಯಲಹಂಕದಲ್ಲಿ ಎಂದೂ ಸೇರಿಸಿದರು. ನಾನು ಇರುವುದು ಜೆ.ಪಿ. ನಗರದ ಕಡೆ. ನಡುವೆ ಇಡೀ ಬೆಂಗಳೂರಿದೆ.

ನಗೋದು ಸಾಕು. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸಿನಲ್ಲಿ 9 ಜನ ಸತ್ತರಲ್ಲ, ಅವರಿಗೆ ಅರಿವು ಇರಲಿಲ್ಲವೆ? ಓದಿದವರು, ಆಫೀಸು ಮಾಡುತ್ತಿದ್ದವರು. ಅವರಿಗಿಲ್ಲದಿದ್ದುದು ದಾರಿ. ಹೊಗೆ ತುಂಬಿತು, ಹೊರಹೋಗುವ ಬಾಗಿಲುಗಳಿಗೆ ಬೀಗ, ಕಿಟಕಿ ಒಡೆದು ಜಿಗಿದರು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಸತ್ತವರಲ್ಲಿ ಹೆಚ್ಚಿನವರು ದೀಪಾವಳಿ ಸೀಸನ್ನಿನ ನಾಲ್ಕು ಕಾಸು ದುಡಿಯಲು ತಮಿಳುನಾಡಿನಿಂದ ಬಂದಿದ್ದ ಹುಡುಗರು. ಅವರಿಗೆ ಕರಪತ್ರ ಹಂಚಿದ್ದರೆ ಬದುಕುತ್ತಿದ್ದರೆ? ಪಟಾಕಿ ಸುಡುತ್ತದೆಂದು ಅವರಿಗೆ ತಿಳಿಯದೆ ಇತ್ತೆ? 1981ರಲ್ಲಿ ಇದೇ ಊರಿನ ವೀನಸ್ ಸರ್ಕಸ್ಸಿನ ಡೇರೆಯಲ್ಲಿ 92 ಜನ ಹೋದರು, ಹೆಚ್ಚಿನವರು ಮಕ್ಕಳು. ಎರಡನೇ ಕ್ಲಾಸಿನ ಮಗುವಿಗೆ ಏನು ಜಾಗೃತಿ ಮೂಡಿಸುತ್ತೀರಿ? ಪ್ರತಿ ಸಲ ಸತ್ತವರ ಕಡೆಯವರನ್ನೇ ಕುರ್ಚಿಯಲ್ಲಿ ಕೂರಿಸಿ ಪಾಠ ಹೇಳುತ್ತೀರಿ. ಬೀಗ ಹಾಕಿದವನನ್ನು, ಬೀಗ ನೋಡಿಯೂ ಸರ್ಟಿಫಿಕೇಟಿಗೆ ಸೀಲು ಹೊಡೆದವನನ್ನು ಒಂದು ದಿನ ಆ ಕುರ್ಚಿಯಲ್ಲಿ ಕೂರಿಸಿ, ಪುಳಿಯೋಗರೆ ನಾನು ಕೊಡಿಸುತ್ತೇನೆ.

2024ರಲ್ಲಿ ಪಾಲಿಕೆ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿತ್ತು, ತಲೆಗೆ ಕನಿಷ್ಠ 70 ಚದರಡಿ ಜಾಗ ಎಂದೆಲ್ಲ. ಆ ಹುಬ್ಬಳ್ಳಿ ಹುಡುಗನನ್ನು ಕೇಳಿದೆ. ರೂಮಿನಲ್ಲಿ ನಾಲ್ಕು ಮಂಚ, ನಡುವೆ ನಡೆಯಲು ಜಾಗವಿಲ್ಲದ್ದರಿಂದ ಬಾಗಿಲ ಕಡೆಯವನು ಎದ್ದ ಮೇಲೆ ಉಳಿದವರು ಏಳುವುದಂತೆ. ಬೆಂಕಿ ನಂದಿಸುವ ಸಿಲಿಂಡರ್ ಇದೆಯೇ ಎಂದೆ. "ಐತ್ರಿ, ರಿಸೆಪ್ಷನ್ ಬಾಗಲಾ ಗಾಳಿಗೆ ಬಡಕೋಬಾರದು ಅಂತ ಅದನ್ನ ಅಡ್ಡ ಇಟ್ಟಾರ."

ಕಾರ್ಯಕ್ರಮದ ಪ್ರಭಾವ ಇರಲಿಲ್ಲ ಎಂದು ಯಾರೂ ಹೇಳಬಾರದು. ಮುಂದಿನ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಅಜ್ಜಿಯ ಪರವಾಗಿ ಒಬ್ಬರು ವಿಷಯ ಎತ್ತಿದರು: ಗ್ರಿಲ್ಲುಗಳಿಗೆ ಒಳಗಿಂದ ತೆರೆಯುವಂಥ ಒಂದು ಪುಟ್ಟ ಬಾಗಿಲು ಕೊರೆಸೋಣ, ನಡೆಯಲಾಗದವರ ಪಟ್ಟಿ ಸೆಕ್ಯೂರಿಟಿಯವರ ಬಳಿ ಇರಲಿ, ಯಾವ ಮನೆಯವರು ಯಾರನ್ನು ಎತ್ತಿಕೊಂಡು ಇಳಿಸಬೇಕೆಂದು ಈಗಲೇ ಗೊತ್ತುಮಾಡೋಣ. ಕಟ್ಟಡದ ಮುಂಭಾಗದ ಎಲಿವೇಶನ್ ಕೆಡುತ್ತದೆ ಎಂದರು ಒಬ್ಬರು. ಬಾಗಿಲಿದ್ದರೆ ಕಳ್ಳರಿಗೆ ಅನುಕೂಲ ಎಂದರು ಇನ್ನೊಬ್ಬರು. ಪಟ್ಟಿ ಮಾಡಿದರೆ ವಯಸ್ಸು ಹೊರಬೀಳುತ್ತದೆ, ಅದು ಪ್ರೈವೆಸಿ ಎಂದರು ಮತ್ತೊಬ್ಬರು. ಕೂಡಿಟ್ಟ ಕಾರ್ಪಸ್ ಫಂಡ್ ಮುಟ್ಟಲು ಸಭೆಗೆ ಬಂದವರ ಕೋರಂ ಸಾಲದೆಂದು ಕಾರ್ಯದರ್ಶಿ ನಿಯಮ ಓದಿದರು. ವಿಷಯ ಮುಂದಿನ ವರ್ಷಕ್ಕೆ ಹೋಯಿತು.

ಆಮೇಲೆ ಪಾರಿವಾಳದ ಹಿಕ್ಕೆಯ ಮೇಲೆ ಚರ್ಚೆ. ಅದೇ ಕೋರಮ್ಮಿನಲ್ಲಿ, ಎಲ್ಲ ಬಾಲ್ಕನಿಗಳ ಗ್ರಿಲ್ಲಿನ ಮೇಲೆ ಇನ್ನೊಂದು ಪದರ ನೈಲಾನ್ ಬಲೆ ಬಿಗಿಸಲು ಸಭೆ ಸರ್ವಾನುಮತದಿಂದ ಹಣ ಮಂಜೂರು ಮಾಡಿತು. ಕೆಲಸ ಸೋಮವಾರವೇ ಶುರುವಾಯಿತು.