ಅಪ್ಪ ಕೊಟ್ಟ ಪುಕ್ಕಟೆ ಪಿಸ್ತೂಲು

ಆಸ್ತಿ ಪಾಲಾದಾಗ ಅಣ್ಣನಿಗೆ ಕಾಫಿ ಎಸ್ಟೇಟ್ ಹೋಯಿತು. ನನಗೆ ಒಂದು ಸೈಟು ಮತ್ತು ಒಂದು ಪಿಸ್ತೂಲು ಬಂತು. ಸೈಟಿನ ಕಥೆ ಬೇಡ, ಅದು ಇನ್ನೂ ಕೋರ್ಟಲ್ಲಿದೆ. ಕೈಗೆ ಸಿಕ್ಕಿದ್ದು ಪಿಸ್ತೂಲು ಒಂದೇ.

ಸಕಲೇಶಪುರದ ಕಡೆ ಎಸ್ಟೇಟ್ ಮನೆಗಳಲ್ಲಿ ಹಂದಿ ಓಡಿಸೋಕೆ ಅಂತ ಉದ್ದ ನಳಿಗೆಯ ಕೋವಿ ಇರುವುದು ಮಾಮೂಲು. ಅಪ್ಪನ ಹತ್ತಿರ ಅದರ ಜೊತೆಗೆ ಒಂದು ಪಾಯಿಂಟ್ ಟೂ ಟೂ ಪಿಸ್ತೂಲೂ ಇತ್ತು, ಅಂದರೆ ನಳಿಗೆಯ ತೂತು 0.22 ಇಂಚಿನದು. ಫಾರಿನ್ನಿದು. ಹೊರದೇಶದಿಂದ ಬಂದೂಕು ತರಿಸೋಕೆ ಸರ್ಕಾರ ತಡೆ ಹಾಕುವ ಮೊದಲೇ ಬಂದದ್ದು. ಅದಕ್ಕೆ ಹಂದಿ ಇರಲಿ, ಹೆಗ್ಗಣ ಹೆದರಿದ್ದನ್ನೂ ನಾನು ನೋಡಿಲ್ಲ. ಕೆಲಸ ಇಲ್ಲದ ಸಂಜೆ ಅಪ್ಪ ಕಾಫಿ ಕಣದ ಆಚೆ ಮಣ್ಣಿನ ದಿಬ್ಬಕ್ಕೆ ಒರಗಿಸಿ ಖಾಲಿ ಡಬ್ಬ ಇಡುತ್ತಿದ್ದರು, ಹೊಡೆಯುತ್ತಿದ್ದರು, ಡಬ್ಬ ಅಲ್ಲೇ ಇರುತ್ತಿತ್ತು.

ಲೈಸೆನ್ಸ್ ಇರುವವರಿಗೆ 70 ತುಂಬಿದ್ದರೆ, ಇಲ್ಲಾ ಬಂದೂಕು ಅವರ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ಮಕ್ಕಳ ಹೆಸರಿಗೆ ಬಿಟ್ಟುಕೊಡಬಹುದು ಅಂತ 2016ರ ಆಯುಧ ನಿಯಮಗಳಲ್ಲಿದೆ. ಅಪ್ಪನಿಗೆ ಎರಡೂ ಆಗಿತ್ತು. ಅಣ್ಣ ಕೋವಿ ಇಟ್ಟುಕೊಂಡ. ‘ಪಿಸ್ತೂಲು ನಿಂಗಿರ್ಲಿ ಮಗಳೇ, ಬೆಂಗಳೂರಲ್ಲಿ ಶೂಟಿಂಗ್ ರೇಂಜ್ ಇದೆಯಲ್ಲ, ಸುಮ್ನೆ ಪ್ರಾಕ್ಟೀಸ್ ಮಾಡು’ ಅಂದರು ಅಪ್ಪ. ‘ಪುಕ್ಕಟೆ ಬರ್ತಿದೆ, ಬೇಡ ಅನ್ಬೇಡ’ ಅಂದರು ನಮ್ಮೆಜಮಾನ್ರು. ಪುಕ್ಕಟೆ ಅಂದರೆ ಏನು ಅಂತ ಆಮೇಲೆ ಗೊತ್ತಾಯಿತು.

ಟೂ ಟೂ ಅಂದರೆ ಬಡವರ ಪಿಸ್ತೂಲು ಅಂತಲೇ ಲೆಕ್ಕ. ಅಮೆರಿಕದಲ್ಲಿ ಬಿಲ್ ರುಗರ್ ಅನ್ನುವವರು 1949ರಲ್ಲಿ ತಮ್ಮ ಕಂಪನಿಯ ಮೊದಲ ಪಿಸ್ತೂಲು ಬಿಟ್ಟಾಗ ಅದೂ ಟೂ ಟೂನೇ, ಬೆಲೆ ಮೂವತ್ತೇಳೂವರೆ ಡಾಲರ್. ಅಲ್ಲಿನವರು ಅಂಗಡಿಯಿಂದ ತಂದು ವಾರಾಂತ್ಯಕ್ಕೆ ಟಿನ್ ಹೊಡೆದು ಖುಷಿಪಟ್ಟರು. ನಾನು ನಯಾಪೈಸೆ ಕೊಡದೆ ಪಡೆದ ಪಿಸ್ತೂಲಿಗೆ ಅರ್ಜಿ, ಅಫಿಡವಿಟ್, ಡಾಕ್ಟರ್ ಸರ್ಟಿಫಿಕೇಟ್, ಬಂದೂಕು ಹಿಡಿಯುವ ತರಬೇತಿಯ ಸರ್ಟಿಫಿಕೇಟ್, ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಲಾಕರ್, ಇಷ್ಟೆಲ್ಲ ಹೊಂದಿಸಿಕೊಂಡು ಪೊಲೀಸ್ ಕಮಿಷನರ್ ಕಚೇರಿಗೆ ಅಲೆದೆ. ಒಡವೆ ಮಾತ್ರ ಈಗಲೂ ಬೀರುವಿನಲ್ಲಿ ಸೀರೆ ಮಡಿಕೆಯ ಕೆಳಗೇ ಇವೆ.

ವೆರಿಫಿಕೇಶನ್‌ಗೆ ಕಾನ್‌ಸ್ಟೇಬಲ್ ಬಂದ ದಿನ ನಾವು ಮನೆಯಲ್ಲಿರಲಿಲ್ಲ. ಅವರು ನೇರ ಕೆಳಗಿನ ಮನೆ ಆಂಟಿಯನ್ನು ಕೇಳಿದ್ದಾರೆ: ಮೇಲಿನವರು ಹೇಗೆ, ಜಗಳಗಿಗಳ ಮಾಡ್ತಾರಾ, ಕುಡಿತ ಇದೆಯಾ. ಸಂಪಿನ ನೀರಿನ ವಿಷಯಕ್ಕೆ ನಮಗೂ ಆಂಟಿಗೂ ಮಾತು ಬಿಟ್ಟು ಬಹಳ ದಿನ ಆಗಿತ್ತು. ಆಂಟಿಗೆ ಇದಕ್ಕಿಂತ ಒಳ್ಳೆ ಅವಕಾಶ ಸಿಗುತ್ತಿರಲಿಲ್ಲ. ಆದರೂ ‘ಯಾಕ್ ಸಾರ್, ಏನ್ ವಿಷ್ಯ?’ ಅಂತ ಮೊದಲು ಕೇಳಿದ್ದಾರೆ. ‘ಪಿಸ್ತೂಲ್ ಲೈಸೆನ್ಸ್‌ಗೆ ಅಪ್ಲೈ ಮಾಡಿದ್ದಾರಮ್ಮ’ ಅಂದಿದ್ದಾರೆ ಅವರು. ‘ಅಯ್ಯೋ, ದೇವರಂಥ ಜನ ಸಾರ್’ ಅಂದರಂತೆ ಆಂಟಿ. ಸಂಜೆ ನಾವು ಬರುವಷ್ಟರಲ್ಲಿ, ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತಿದ್ದ ಅವರ ಮಗನ ಬೈಕು ಎದುರುಗಡೆಯ ಹೊಂಗೆ ಮರದ ಕೆಳಗೆ ಹೋಗಿ ನಿಂತಿತ್ತು. ಪಿಸ್ತೂಲಿನಿಂದ ನನಗೆ ಈವರೆಗೆ ಆಗಿರುವ ದೊಡ್ಡ ಉಪಕಾರ ಇದೇ, ಅದೂ ಪಿಸ್ತೂಲು ಮನೆಗೆ ಬರುವ ಮೊದಲೇ.

ರೇಂಜ್ ಇರುವುದು ಊರಾಚೆ. ಮೆಟ್ರೋ ಹತ್ತುವ ಹಾಗಿಲ್ಲ, ಅಲ್ಲಿ ಆಯುಧ ಒಯ್ಯುವಂತಿಲ್ಲ. ಪಿಸ್ತೂಲು ಒಂದು ಕಡೆ, ಗುಂಡು ಇನ್ನೊಂದು ಕಡೆ ಬೀಗ ಹಾಕಿ ಇಟ್ಟುಕೊಂಡು ಭಾನುವಾರ ಬೆಳಗ್ಗೆ ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಪೆಟ್ರೋಲಿಗೆ ಗುಂಡಿಗಿಂತ ಜಾಸ್ತಿ ಖರ್ಚಾಗಿರುತ್ತದೆ.

ಆದರೆ ಹೊಡೆಯುವುದು ಮಜಾ, ಅದರಲ್ಲಿ ಎರಡು ಮಾತಿಲ್ಲ. ಸೀಸದ ಗುಂಡು ಎರಡೂವರೆ ಗ್ರಾಂ ಚಿಲ್ಲರೆ, ಅಗಲ ಆರು ಮಿಲಿಮೀಟರಿಗೂ ಕಮ್ಮಿ. ಕೈಗೆ ಒದೆತವೇ ಇಲ್ಲ. ಕಿವಿ ಮುಚ್ಚಿಕೊಂಡು ನಿಂತರೆ ಸದ್ದೂ ಅಷ್ಟಕ್ಕಷ್ಟೇ. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದಿದ್ದು ಇದೇ ಟೂ ಟೂನಲ್ಲಿ, 25 ಮೀಟರ್ ರ್‍ಯಾಪಿಡ್ ಫೈರ್. ನಮ್ಮ ಬೀದಿಯವರಿಗೆ ಮಾತ್ರ ಮನು ಭಾಕರ್ ಒಬ್ಬರೇ ಗೊತ್ತು. ‘ಮನು ಭಾಕರ್ ತರ ಮೆಡಲ್ ಯಾವಾಗ?’ ಅಂತ ತರಕಾರಿ ಗಾಡಿ ಹತ್ತಿರ ಕೇಳುತ್ತಾರೆ. ಆಕೆ ಪ್ಯಾರಿಸ್ಸಿನಲ್ಲಿ ಗೆದ್ದ ಎರಡೂ ಕಂಚು ಏರ್ ಪಿಸ್ತೂಲಿನವು, ಟೂ ಟೂನಲ್ಲಿ ಆಕೆಗೂ ನಾಲ್ಕನೇ ಸ್ಥಾನ ಅಂತ ಹೇಳಿ ನಾನು ಬೀನ್ಸ್ ಆರಿಸೋಕೆ ಶುರುಮಾಡುತ್ತೇನೆ. ನಮ್ಮೆಜಮಾನ್ರು ಒಮ್ಮೆ ಜೊತೆಗೆ ಬಂದವರು, ಪ್ಯಾರಿಸ್ಸಿನಲ್ಲಿ ಆ ಟರ್ಕಿಯ ಯೂಸುಫ್ ಡಿಕೆಚ್ ನಿಂತಿದ್ದರಲ್ಲ, ಅದೇ ಥರ ಒಂದು ಕೈ ಪ್ಯಾಂಟಿನ ಜೇಬಿಗೆ ಹಾಕಿ ಫೋಟೋಗೆ ನಿಂತರು. ಖಾಲಿ ಕೈ ಅಲ್ಲಾಡಬಾರದು ಅಂತ ಶೂಟರ್‌ಗಳು ಹಾಗೆ ಮಾಡುವುದು. ಇವರ ಕೈ ಕಾರಿನ ಕೀಲಿ ಹುಡುಕುತ್ತಿತ್ತು.

ಅದೇ ರೇಂಜಿನಲ್ಲಿ ನನಗೆ ಬಟ್ಟೆಯ ಬಗ್ಗೆ ಜ್ಞಾನೋದಯವಾಯಿತು. ಗುಂಡು ಹಾರಿದ ತಕ್ಷಣ ಪಿಸ್ತೂಲು ಖಾಲಿ ಹಿತ್ತಾಳೆ ಕೇಸನ್ನು ಬಲಗಡೆಗೆ ಎಸೆಯುತ್ತದೆ. ಅಂದರೆ ನನ್ನ ಎಡಗಡೆ ನಿಂತವರದ್ದೆಲ್ಲ ನನ್ನ ಕಡೆಗೇ. ಮಧ್ಯೆ ಒಂದು ಪ್ಲೈವುಡ್ ತಡೆ ಇದೆ, ಅದು ಅರ್ಧಕ್ಕೇ ನಿಂತಿದೆ. ಅವತ್ತು ನಾನು ಅಗಲ ಕತ್ತಿನ ಕುರ್ತಾ ಹಾಕಿದ್ದೆ, ಸೆಖೆ ಅಂತ. ಉಸಿರು ಬಿಗಿಹಿಡಿದು, ಗುರಿ ನೋಡಲು ಪಿಸ್ತೂಲಿನ ಮೇಲಿರುವ ಮುಂದಿನ ಸೈಟನ್ನು ಹಿಂದಿನ ಸೈಟಿನ ಸಂದಿಯ ನಡುವೆ ಕೂರಿಸಿ, ಇನ್ನೇನು ಟ್ರಿಗರ್ ಒತ್ತಬೇಕು ಅನ್ನುವಾಗ ಪಕ್ಕದವರ ಕೇಸೊಂದು ಚಿಮ್ಮಿ ಪ್ಲೈವುಡ್ಡಿನ ಅಂಚಿಗೆ ತಾಗಿ ಸೀದಾ ನನ್ನ ಕತ್ತಿನೊಳಗೆ ಇಳಿಯಿತು. ಸುಡುವ ಹಿತ್ತಾಳೆ. ಅದು ಅಲ್ಲಿಗೇ ನಿಲ್ಲಲೂ ಇಲ್ಲ, ನಿಧಾನಕ್ಕೆ ಕೆಳಗೆ ಕೆಳಗೆ ಹೋಯಿತು. ಕೈಯಲ್ಲಿ ಗುಂಡು ತುಂಬಿದ ಪಿಸ್ತೂಲು, ಕುಣಿಯುವ ಹಾಗಿಲ್ಲ, ತಿರುಗುವ ಹಾಗಿಲ್ಲ, ‘ಅಮ್ಮಾ’ ಅಂತ ಎದೆ ಹಿಡಿದುಕೊಳ್ಳುವ ಹಾಗಂತೂ ಇಲ್ಲವೇ ಇಲ್ಲ. ನಳಿಗೆ ಟಾರ್ಗೆಟ್ ಕಡೆಗೇ ಇರಬೇಕು. ಬೆರಳು ಹೊರಗೆ ತೆಗೆದೆ. ಮ್ಯಾಗಜೀನ್ ಇಳಿಸಿದೆ. ಚೇಂಬರಿನಲ್ಲಿದ್ದ ತೋಟಾ ತೆಗೆದೆ. ಪಿಸ್ತೂಲನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಬಂದೆ. ಆಮೇಲೆ ಕುಣಿದೆ.

ಕೋಚ್ ಓಡಿ ಬಂದರು. ‘ವೆರಿ ಗುಡ್ ಮೇಡಂ, ನಳಿಗೆ ಒಂದಿಷ್ಟೂ ಅಲ್ಲಾಡಲಿಲ್ಲ. ಟಾರ್ಗೆಟ್‌ಗೆ ಹೊಡೆಯುವಾಗ್ಲೂ ಹೀಗೇ ಹಿಡೀರಿ’ ಅಂದರು.

ಈಗ ನಾನು ರೇಂಜಿಗೆ ಕಾಲರ್ ಅಂಗಿ ಹಾಕಿಕೊಂಡು, ಮೇಲಿನ ಗುಂಡಿಯವರೆಗೂ ಬಿಗಿದುಕೊಂಡು ಹೋಗುತ್ತೇನೆ.

ಟೂ ಟೂ ಅಗ್ಗ ಯಾಕೆ ಅಂತ ಅದರ ತೋಟಾ ನೋಡಿದರೇ ತಿಳಿಯುತ್ತದೆ. ದೊಡ್ಡ ತೋಟಾಗಳ ತಳದ ಮಧ್ಯೆ ಕಿಡಿ ಹೊತ್ತಿಸುವ ಪ್ರೈಮರ್ ಬೇರೆಯಾಗಿ ಕೂತಿರುತ್ತದೆ. ಇದರಲ್ಲಿ ಆ ಮದ್ದನ್ನು ತಳದ ಅಂಚಿನ ಮಡಿಕೆಯೊಳಗೇ ಸೇರಿಸಿರುತ್ತಾರೆ, ಅದಕ್ಕೇ ರಿಮ್‌ಫೈರ್ ಅನ್ನುವುದು. ಸುತ್ತಲೂ ಸಮನಾಗಿ ಹರಡಿದ್ದರೆ ಸರಿ. ಎಲ್ಲಾದರೂ ಒಂಚೂರು ಜಾಗ ಬಿಟ್ಟುಹೋಗಿ ಟ್ರಿಗರ್ ಒತ್ತಿದಾಗ ಮುನ್ನುಗ್ಗುವ ಪಿನ್ನು ಅಲ್ಲೇ ಬಡಿಯಿತೋ, ‘ಟಿಕ್’ ಅನ್ನುತ್ತದೆ, ಅಷ್ಟೇ. ಮದ್ದು ತಡವಾಗಿಯೂ ಹೊತ್ತಿಕೊಳ್ಳಬಹುದು, ಆದ್ದರಿಂದ ಪಿಸ್ತೂಲನ್ನು ಹಾಗೇ ಟಾರ್ಗೆಟ್ ಕಡೆ ಹಿಡಿದುಕೊಂಡು ಮೂವತ್ತು ಸೆಕೆಂಡ್ ನಿಲ್ಲಬೇಕು. ಸಿಗ್ನಲ್ಲಿನಲ್ಲಿ ಕೆಂಪು ಅಂಕಿ ಇಳಿಯುವುದನ್ನು ಕಾದ ಹಾಗೆ ಕಾಯುತ್ತೇನೆ. ಹಿಂದಿನಿಂದ ಯಾರೂ ಹಾರ್ನ್ ಹೊಡೆಯುವುದಿಲ್ಲ ಅನ್ನುವುದೊಂದೇ ಸಮಾಧಾನ. ಆಮೇಲೆ ತೋಟಾ ತೆಗೆದು, ಸ್ವಲ್ಪ ತಿರುಗಿಸಿ ಹಾಕಿದರೆ ಪಿನ್ನು ಬೇರೆ ಜಾಗಕ್ಕೆ ಬಡಿದು ಸಾಮಾನ್ಯವಾಗಿ ಹಾರುತ್ತದೆ. ನನ್ನ ತೋಟಾ ಡಬ್ಬಿಯಲ್ಲಿ ಇಂಥವು ಸಾಕಷ್ಟಿದ್ದವು. ರೇಂಜಿಗೆ ಹೋಗಿ ನಾನು ಹೊಡೆದದ್ದಕ್ಕಿಂತ ನಿಂತದ್ದೇ ಜಾಸ್ತಿ.

ವರ್ಷಕ್ಕೆ ಇಷ್ಟೇ ಗುಂಡು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತಾರೆ. ಹಾಗಾಗಿ ಮನೆಯಲ್ಲಿ ಖಾಲಿ ಪಿಸ್ತೂಲು ಹಿಡಿದು ಗೋಡೆಯ ಮೇಲಿನ ಚುಕ್ಕೆಗೆ ಗುರಿಯಿಟ್ಟು ಟ್ರಿಗರ್ ಅಭ್ಯಾಸ ಮಾಡು ಅಂತಾರೆ. ಟೂ ಟೂನಲ್ಲಿ ಅದೂ ಸಲೀಸಲ್ಲ. ಒಳಗೆ ತೋಟಾ ಇಲ್ಲದಿದ್ದರೆ ಎಷ್ಟೋ ಪಿಸ್ತೂಲುಗಳಲ್ಲಿ ಪಿನ್ನು ಹೋಗಿ ತೋಟಾ ಕೂರುವ ಚೇಂಬರಿನ ಅಂಚಿಗೇ ಬಡಿದು ಗಾಯ ಮಾಡುತ್ತದೆ. ಗೋಡೆಗೆ ಸ್ಕ್ರೂ ಹಾಕುವ ಪ್ಲಾಸ್ಟಿಕ್ ಪ್ಲಗ್ ತುರುಕಿದರೆ ಆಯ್ತು ಅಂತ ರೇಂಜಿನಲ್ಲಿ ಯಾರೋ ಹೇಳಿದರು. ನಮ್ಮ ಬೀದಿ ಹಾರ್ಡ್‌ವೇರ್ ಅಂಗಡಿಗೆ ಹೋದೆ.

‘ಎಷ್ಟು ಎಂಎಂ ಪ್ಲಗ್ ಮೇಡಂ?’

‘ಐದೂವರೆ.’

‘ಐದೂವರೆ ಬರಲ್ಲ. ಗೋಡೆ ಯಾವ್ದು, ಇಟ್ಟಿಗೆನಾ, ಸಾಲಿಡ್ ಬ್ಲಾಕಾ?’

‘ಸ್ಟೀಲು.’

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಕೊನೆಗೆ ‘ಸ್ಟೀಲಿಗೆ ಪ್ಲಗ್ ಹಾಕ್ಬಾರ್ದು ಮೇಡಂ, ವೆಲ್ಡಿಂಗ್ ಮಾಡ್ಸಿ’ ಅಂತ ಪಕ್ಕದ ಬೀದಿಯ ವೆಲ್ಡರ್ ನಂಬರ್ ಬರೆದುಕೊಟ್ಟರು. ಈಗ ಹಾರಿಸಿದ ಖಾಲಿ ಕೇಸನ್ನೇ ತಿರುಗಿಸಿ ತಿರುಗಿಸಿ ಹಾಕಿಕೊಳ್ಳುತ್ತೇನೆ. ವೆಲ್ಡರ್ ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿದೆ.

ಇಷ್ಟು ವರ್ಷ ಆಯುಧ ಪೂಜೆ ಅಂದರೆ ನಮ್ಮಲ್ಲಿ ಮಿಕ್ಸಿ, ಸ್ಕೂಟರು, ಸ್ಕ್ರೂಡ್ರೈವರು, ಈಳಿಗೆಮಣೆ. ನಿಜವಾದ ಆಯುಧ ಮನೆಗೆ ಬಂದ ವರ್ಷ ಅತ್ತೆಯ ಉತ್ಸಾಹ ಹೇಳತೀರದು. ಖಾಲಿ ಪಿಸ್ತೂಲನ್ನು ಮಣೆಯ ಮೇಲಿಟ್ಟು ನಾನು ಕಾಫಿ ಸೋಸೋಕೆ ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಸ್ಲೈಡಿಗೆ ಮೂರು ಪಟ್ಟೆ ವಿಭೂತಿ, ಹಿಡಿಗೆ ಗಂಧ, ಟ್ರಿಗರ್ ಗಾರ್ಡಿನಲ್ಲಿ ಸೇವಂತಿಗೆ, ಹಿಂದಿನ ಸೈಟಿನ ಸಂದಿಗೆ ಸರಿಯಾಗಿ ಕುಂಕುಮ. ಅತ್ತೆ ನಿಂಬೆಹಣ್ಣು ಹಿಡಿದುಕೊಂಡು ಯೋಚನೆ ಮಾಡುತ್ತಿದ್ದರು. ‘ಇದಕ್ಕೆ ಚಕ್ರ ಇಲ್ವಲ್ಲಮ್ಮ, ನಿಂಬೆಹಣ್ಣು ಎಲ್ಲಿಡೋದು?’

‘ನಳಿಗೆ ತುದಿಗೆ ಚುಚ್ಚಿ ಅಮ್ಮ, ತ್ರಿಶೂಲಕ್ಕೆ ಚುಚ್ಚಲ್ವಾ’ ಅಂದರು ನಮ್ಮೆಜಮಾನ್ರು. ನಾನು ಹಾರಿ ಹೋಗಿ ಹಿಡಿದುಕೊಂಡೆ. ಹಳೇ ಉಕ್ಕಿನ ನಳಿಗೆಗೆ ನಿಂಬೆರಸ ಕುಡಿಸಿದರೆ ಆಮೇಲೆ ತುಕ್ಕಿಗೇ ಪೂಜೆ ಮಾಡಬೇಕು. ಬೆಂಗಳೂರಿನ ಅರ್ಧ ಜನ ಬೂದುಗುಂಬಳ ಒಡೆದು ಮಲಗಿದ್ದ ರಾತ್ರಿ ನಾನು ಹಳೇ ಟೂತ್‌ಬ್ರಶ್ಶಿನಿಂದ ಕುಂಕುಮ ಉಜ್ಜುತ್ತಿದ್ದೆ. ಆದರೂ ಮುಂದಿನ ಭಾನುವಾರ ಕೋಚ್ ಸ್ಲೈಡಿನ ಸಂದಿಯಿಂದ ಹಳದಿ ಎಸಳೊಂದನ್ನು ಎಳೆದು ತೆಗೆದು, ಏನಿದು ಅಂತ ಹುಬ್ಬೇರಿಸಿದರು. ಪಕ್ಕದಲ್ಲಿದ್ದ ಕೊಡಗಿನ ಹುಡುಗ ನಕ್ಕ. ಅವರಲ್ಲಿ ಕೈಲ್ ಮುಹೂರ್ತ ಅನ್ನುವ ಆಯುಧದ ಹಬ್ಬಕ್ಕೆ ಕೋವಿಯ ನಳಿಗೆಗೇ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರಂತೆ. ಮೇಲಾಗಿ ಕೊಡವರಿಗೆ ಕೋವಿಗೆ ಲೈಸೆನ್ಸೇ ಬೇಡ, ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ. ನಾನು ನನ್ನ ಅಫಿಡವಿಟ್ಟುಗಳನ್ನು ನೆನೆಸಿಕೊಂಡು ಸುಮ್ಮನಾದೆ.

ಇಷ್ಟಾಗಿ ಪಿಸ್ತೂಲು ನನ್ನ ಹತ್ತಿರ ಇರುವುದಾದರೂ ಎಷ್ಟು ದಿನ? ಎಲೆಕ್ಷನ್ ಬಂದರೆ ಲೈಸೆನ್ಸ್ ಇರುವ ಬಂದೂಕುಗಳನ್ನು ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಬೆಂಗಳೂರು ವೋಟು ಹಾಕಿದ್ದು ಏಪ್ರಿಲ್ 26, ಎಣಿಕೆ ಜೂನ್ 4. ನಮ್ಮ ರಾಜ್ಯದ್ದು ಮುಗಿದರೂ ದೇಶದ್ದು ಮುಗಿಯಬೇಕಲ್ಲ. ಠಾಣೆಯಲ್ಲಿ ನನ್ನ ಮುಂದಿದ್ದವರೆಲ್ಲ ಗೋಣಿಚೀಲ ಸುತ್ತಿದ ಜೋಡಿ ನಳಿಗೆ ತಂದಿದ್ದರು. ನನ್ನ ಸರದಿ ಬಂದಾಗ ಡಬ್ಬಿ ತೆರೆದೆ. ‘ಇಷ್ಟೇನಾ ಮೇಡಂ?’ ಅಂದರು ಬರೆದುಕೊಳ್ಳುತ್ತಿದ್ದವರು. ರಸೀದಿಯಲ್ಲಿ ‘ಪಿಸ್ತೂಲು ಒಂದು, ಸಣ್ಣದು, ಹಳೇದು’ ಅಂತ ಬರೆದುಕೊಟ್ಟರು. ಬೇಸಿಗೆ ಪೂರ್ತಿ ಅದು ಪೊಲೀಸರ ರಕ್ಷಣೆಯಲ್ಲಿತ್ತು. ಕೆಳಗಿನ ಮನೆಗೆ ಸುದ್ದಿ ಹೇಗೋ ಗೊತ್ತಾಗಿ ಬೈಕು ಮತ್ತೆ ನಮ್ಮ ಗೇಟಿಗೆ ಬಂತು.

ಹೀಗಾಗಿ, ಬೆಂಗಳೂರು ಪಾಲಿಕೆಗೆ ಎಲೆಕ್ಷನ್ ಆಗಲಿಲ್ಲ ಅಂತ ಊರೆಲ್ಲ ಬೈಯುತ್ತಿದ್ದಾಗ ಒಳಗೊಳಗೇ ಖುಷಿಪಟ್ಟವಳು ಬಹುಶಃ ನಾನೊಬ್ಬಳೇ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಆ ಸದಸ್ಯರ ಅವಧಿ ಮುಗಿದದ್ದು 2020ರಲ್ಲಿ. ಕಾರ್ಪೊರೇಟರ್ ಇಲ್ಲದೆ ರಸ್ತೆ ಹಾಳಾಗಿ ರೇಂಜಿಗೆ ಹೋಗುವಾಗ ಸೊಂಟ ಉಳುಕಿದರೂ ಪಿಸ್ತೂಲು ಮನೆಯಲ್ಲಿತ್ತಲ್ಲ. ಆಮೇಲೆ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆಯಿತು. ಪೇಪರಿನಲ್ಲಿ ಓದಿದ ಅಪ್ಪ ಊರಿನಿಂದ ಫೋನ್ ಮಾಡಿದರು.

‘ಅಲ್ವೇ, ಐದಕ್ಕೂ ಒಂದೇ ಸಲ ಎಲೆಕ್ಷನ್ನಾ, ಇಲ್ಲ ಒಂದೊಂದಕ್ಕೂ ಹೋಗಿ ಕೊಟ್ಟು ಬರ್ಬೇಕಾ?’