ರೋಮಿಂಗ್ ಬಂದ್, ಬಾಯಿ ಚಾಲೂ

ವಿದೇಶಕ್ಕೆ ಹೊರಟ ಮುಂಬಯಿ ಕನ್ನಡಿಗರನ್ನು ವೀಸಾ ಕೈಸೇರಿದ ಮರುಗಳಿಗೆಯಿಂದಲೇ ಹಿಡಿದುಕೊಳ್ಳುವ ಚಿಂತೆ ಎಂದರೆ ಫೋನಿನ ಬಿಲ್ಲು. ಸಿಂಗಾಪುರದಲ್ಲಿ ಡೇಟಾ ರೋಮಿಂಗ್ ಬಂದ್ ಮಾಡಲು ಮರೆತು, ವಿಮಾನದ ಟಿಕೆಟ್ಟಿಗಿಂತ ದೊಡ್ಡ ಬಿಲ್ಲನ್ನು ಮನೆಬಾಗಿಲಿಗೆ ತರಿಸಿಕೊಂಡವರೊಬ್ಬರು ಎಲ್ಲರ ಪರಿಚಯದಲ್ಲಿಯೂ ಇರುತ್ತಾರೆ. ಅವರ ಕಥೆಯನ್ನು ಲೋಕಲ್ ಗಾಡಿಯಲ್ಲಿ ಪ್ರತಿ ಸಲ ಕೇಳಿದಾಗಲೂ ಆ ಬಿಲ್ಲಿನ ಮೊತ್ತ ಸ್ವಲ್ಪ ಏರಿರುತ್ತದೆ. ನಮ್ಮ ಕುಟುಂಬದ ಯುರೋಪ್ ಪ್ರವಾಸಕ್ಕೆ ಇದರ ಜೊತೆಗೆ ಇನ್ನೊಂದು ಚಿಂತೆಯೂ ಅಂಟಿಕೊಂಡಿತ್ತು. ಮಾತು ಅಗ್ಗವಾಗಿದ್ದರೆ ಸಾಲದು, ಗುಟ್ಟಾಗಿಯೂ ಇರಬೇಕಾಗಿತ್ತು.

ಗುಟ್ಟಿನ ವಿಷಯ ಮದುವೆಯದು. ನನ್ನ ಷಡ್ಡಕರು ಬ್ಯಾಂಕಿನಿಂದ ನಿವೃತ್ತರಾಗಿ ಡೊಂಬಿವಲಿಯಲ್ಲಿ ನೆಲೆಸಿದವರು. ನಾನು ಅವರನ್ನು ಭಾವ ಎಂದೇ ಕರೆಯುತ್ತೇನೆ. ಅವರ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ಅಂದರೆ ಔಷಧ ಕಂಪನಿಗಳಿಗೆ ಹೆಸರಾದ ಊರಿನಲ್ಲಿ, ಸಂಶೋಧನೆಯ ಕೆಲಸದಲ್ಲಿದ್ದ. ಅವನ ತಂದೆತಾಯಿ ಮುಲುಂಡಿನಲ್ಲಿದ್ದರು. ಪ್ರವಾಸದ ನೆಪದಲ್ಲಿ ಹುಡುಗನನ್ನು ಕಂಡು ಮಾತನಾಡಿಸಿ, ಮನಸ್ಸಿಗೆ ಬಂದರೆ ಮಾತ್ರ ಬಾಯಿ ಬಿಡುವುದೆಂದು ತೀರ್ಮಾನವಾಗಿತ್ತು. ನಮ್ಮ ಜನರಲ್ಲಿ ಸಂಬಂಧದ ಸುದ್ದಿ ಹೊರಬಿದ್ದ ಮೇಲೆ ಮುರಿದುಬಿದ್ದರೆ, ಸಾಂತ್ವನ ಹೇಳುವ ನೆಪದಲ್ಲಿ ಕಾರಣ ಕೇಳುವ ಫೋನುಗಳಿಗೆ ಉತ್ತರ ಕೊಡುವುದೇ ಒಂದು ನೌಕರಿಯಾಗುತ್ತದೆ. ಆದ್ದರಿಂದ ಮುಂಬಯಿಯಲ್ಲಿ ವಿಷಯ ತಿಳಿದವರು ಮಾಟುಂಗದಲ್ಲಿರುವ ನಮ್ಮ ಅತ್ತೆ ಒಬ್ಬರೇ. (ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಹುಡುಗಿಯೂ ಆ ಹುಡುಗನೂ ಅದಾಗಲೇ ಕೆಲವು ತಿಂಗಳುಗಳಿಂದ ದಿನವೂ ಮಾತನಾಡುತ್ತಿದ್ದರೆಂಬುದು ನಮಗೆ ತಿಳಿದದ್ದು ನಿಶ್ಚಿತಾರ್ಥದ ನಂತರ. ವಿದೇಶದೊಡನೆ ಅಗ್ಗವಾಗಿ, ಗುಟ್ಟಾಗಿ ಮಾತನಾಡುವ ಕಲೆ ಮನೆಯಲ್ಲಿ ಯಾರಿಗಾದರೂ ಸಿದ್ಧಿಸಿದ್ದರೆ ಅದು ಅವಳಿಗೆ. ನಾವು ಸಲಹೆ ಕೇಳಿದ್ದು ಮಾತ್ರ ಬೇರೆಯವರನ್ನು.)

ತಯಾರಿಯ ಹೊಣೆಯನ್ನು ಭಾವ ವಹಿಸಿಕೊಂಡರು. ಅವರ ಯೋಜನೆಯಲ್ಲಿ ದೋಷ ಹುಡುಕುವುದು ಕಷ್ಟ. ನಮ್ಮ ಊರಿನ ಸಿಮ್ಮನ್ನು ಫೋನಿನಿಂದ ತೆಗೆಯಬಾರದು, ಏಕೆಂದರೆ ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. ರೋಮಿಂಗ್‌ನಲ್ಲಿ ಒಳಬರುವ ಎಸ್ಸೆಮ್ಮೆಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ಆ ಸಿಮ್ಮಿನ ಡೇಟಾ ರೋಮಿಂಗ್ ಮಾತ್ರ ಬಂದ್. ಇಂಟರ್‌ನೆಟ್ಟಿಗೆಂದು ಬೇರೆಯೇ ಒಂದು ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್; ಮಾತುಕತೆಯೆಲ್ಲ ವಾಟ್ಸಾಪ್‌ನಲ್ಲಿ. 2016ರ ಏಪ್ರಿಲ್‌ನಿಂದ ವಾಟ್ಸಾಪ್‌ನ ಸಂದೇಶಗಳೂ ಕರೆಗಳೂ ಈ ಫೋನಿನಲ್ಲಿ ಗೂಢಲಿಪಿಯಾಗಿ ಆ ಫೋನಿನಲ್ಲಿ ಮಾತ್ರ ಬಿಡಿಸಿಕೊಳ್ಳುತ್ತವೆ, ನಡುವೆ ಕಂಪನಿಯವರಿಗೂ ಓದಲಾಗದು, ಸಿಗ್ನಲ್ ಆ್ಯಪ್‌ನವರು ರೂಪಿಸಿದ ಕ್ರಮವೇ ಇದಕ್ಕೂ ಆಧಾರ ಎಂಬುದನ್ನೆಲ್ಲ ಭಾವ ಓದಿ ತಿಳಿದುಕೊಂಡಿದ್ದರು. ಯಾರು ಯಾರಿಗೆ ಎಷ್ಟು ಹೊತ್ತಿಗೆ ಮಾತನಾಡಿದರು ಎಂಬುದು ಕಂಪನಿಗೆ ತಿಳಿಯುತ್ತದಲ್ಲ ಎಂದು ನಾನು ಕೇಳಿದಾಗ, ಅಳಿಯ ಅತ್ತೆಗೆ ಫೋನ್ ಮಾಡುವುದನ್ನು ತಿಳಿದುಕೊಂಡು ಅಮೆರಿಕದವರು ಏನು ಮಾಡುತ್ತಾರೆ ಎಂದುಬಿಟ್ಟರು.

ಇಷ್ಟಕ್ಕೆ ಅವರಿಗೆ ಸಮಾಧಾನವಾಗಲಿಲ್ಲ. ಅತ್ತೆಯೊಡನೆ ನಡೆಯುವ ಚಾಟಿನಲ್ಲಿ ಸಂದೇಶಗಳು 24 ಗಂಟೆಗಳಲ್ಲಿ ತಾವಾಗಿಯೇ ಅಳಿಸಿಹೋಗುವ ಏರ್ಪಾಟು ಮಾಡಿದರು. ಅದರ ಮೇಲೆ ಒಂದು ಸಂಕೇತ ಭಾಷೆ: ವರನಿಗೆ ಚೀಸ್, ಜಾತಕಕ್ಕೆ ಟಿಕೆಟ್, ಸಂಬಳಕ್ಕೆ ಚಳಿ. ಅತ್ತೆ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿಸಿಕೊಂಡರು. ಕಿವಿಯ ಯಂತ್ರವನ್ನು ಅವರು ಆ ದಿನ ಹಾಕಿಕೊಂಡಿದ್ದರೋ ಇಲ್ಲವೋ ಎಂಬುದನ್ನು ಯಾರೂ ಗಮನಿಸಲಿಲ್ಲ.

ಮೊದಲ ತೊಡಕು ದುಬೈಯಲ್ಲಿಯೇ ಎದುರಾಯಿತು. ವಿಮಾನ ಬದಲಿಸುವ ನಡುವೆ ಉಚಿತ ವೈಫೈ ಸಿಕ್ಕಿದ್ದೇ ತಡ, ಭಾವ ಅತ್ತೆಗೆ ವಾಟ್ಸಾಪ್ ಕರೆ ಮಾಡಿದರು. ಪರವಾನಗಿ ಪಡೆದ ಕೆಲವು ಆ್ಯಪ್‌ಗಳನ್ನು ಬಿಟ್ಟರೆ ಇಂಟರ್‌ನೆಟ್ ಕರೆಗೆ ಆ ದೇಶದಲ್ಲಿ ಅವಕಾಶವಿಲ್ಲ. ವಾಟ್ಸಾಪ್‌ನಲ್ಲಿ ಬರೆದದ್ದು ಹೋಗುತ್ತದೆ, ಆಡಿದ್ದು ಹೋಗುವುದಿಲ್ಲ. ಮಾಟುಂಗದಲ್ಲಿ ಫೋನು ಬಡಿದುಕೊಂಡಿತು, ಅತ್ತೆ ಎತ್ತಿದರು, ಆ ಕಡೆ ನಿಶ್ಶಬ್ದ. ವಿಮಾನಕ್ಕೆ ಏನೋ ಆಗಿದೆ ಎಂದು ಅವರು ದೇವರ ಮುಂದೆ ದೀಪ ಹಚ್ಚಿ ಕುಳಿತರು. ನಾವು ಸುಖವಾಗಿದ್ದೇವೆ ಎಂದು ಭಾವ ಸಂದೇಶ ಕಳುಹಿಸಿದರೆ, ಬರೆಯುವುದನ್ನು ಯಾರು ಬೇಕಾದರೂ ಬರೆಯಬಹುದು ಎಂದು ಅವರು ನಂಬಲು ಒಪ್ಪಲಿಲ್ಲ. ಕೊನೆಗೆ ಅವರಿಂದ ಒಂದು ಪ್ರಶ್ನೆ ಬಂತು: “ಡಬ್ಬಿಯಲ್ಲಿ ನಾನು ಏನು ಕಟ್ಟಿಕೊಟ್ಟಿದ್ದೆ ಎಂದು ಬರೆಯಿರಿ.” ಅವಲಕ್ಕಿ ಒಗ್ಗರಣೆ, ಶೇಂಗಾ ಸ್ವಲ್ಪ ಹೆಚ್ಚಾಗಿತ್ತು ಎಂದು ಭಾವ ಬರೆದ ಮೇಲೆಯೇ ಮಾಟುಂಗಕ್ಕೆ ನೆಮ್ಮದಿ. ಆ ಕಡೆ ಇರುವವರು ನಿಜವಾಗಿ ಅವರೇ ಎಂದು ಖಚಿತಪಡಿಸಿಕೊಳ್ಳಲು ವಾಟ್ಸಾಪ್ 60 ಅಂಕಿಗಳ ಒಂದು ಭದ್ರತಾ ಸಂಖ್ಯೆಯನ್ನು ಕೊಡುತ್ತದೆ. ಎರಡೂ ಫೋನುಗಳಲ್ಲಿ ಅದನ್ನು ಹೋಲಿಸಿ ನೋಡಬೇಕು. ಅದನ್ನು ಹೋಲಿಸಿ ನೋಡಿದ ಒಬ್ಬ ಮನುಷ್ಯನನ್ನೂ ನಾನು ಈವರೆಗೆ ಕಂಡಿಲ್ಲ. ಅತ್ತೆಯ ಕ್ರಮ ಅದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಪ್ಯಾರಿಸ್ಸಿನಲ್ಲಿ ಫೋನು ಸರಿಯಾಗಿಯೇ ಇತ್ತು, ಆದ್ದರಿಂದ ಅಲ್ಲಿನ ಬಗ್ಗೆ ಹೇಳುವುದು ಕಡಿಮೆ. ನನ್ನ ಹೆಂಡತಿಯ ಅಕ್ಕ ಐಫೆಲ್ ಗೋಪುರದ ಮುಂದೆ ನಿಂತ ಚಿತ್ರವನ್ನು ಡಿಪಿಗೆ ಹಾಕಿಕೊಂಡದ್ದರಿಂದ, ಡೊಂಬಿವಲಿಯ ಮನೆಗೆ ಬೀಗ ಬಿದ್ದಿರುವ ಸಂಗತಿ ಹಾಲಿನವನಿಗೂ ಸೊಸೈಟಿಯ ವಾಚ್‌ಮನ್ನನಿಗೂ ಇಸ್ತ್ರಿಯವನಿಗೂ ತಿಳಿಯಿತು ಎಂಬುದಷ್ಟೇ ದಾಖಲಿಸತಕ್ಕ ವಿಷಯ.

ರೈಲು ಸ್ವಿಟ್ಜರ್ಲೆಂಡಿನ ಗಡಿಯನ್ನು ದಾಟಿದೊಡನೆ ಭಾವನ ಇ-ಸಿಮ್ ಪ್ರಾಣಬಿಟ್ಟಿತು. 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದ ದೇಶಗಳವರು ತಮ್ಮತಮ್ಮೊಳಗೆ ಹೆಚ್ಚಿನ ರೋಮಿಂಗ್ ದರವಿಲ್ಲದೆ ಓಡಾಡಬಹುದು. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಯುರೋಪಿನ ಹೆಸರಿನಲ್ಲಿ ಮಾರುವ ಇ-ಸಿಮ್‌ಗಳಲ್ಲಿ ಕೆಲವು ಈ ದೇಶವನ್ನು ಸೇರಿಸಿಕೊಂಡಿರುತ್ತವೆ, ಕೆಲವು ಸೇರಿಸಿಕೊಂಡಿರುವುದಿಲ್ಲ, ಸೇರಿಸಿಕೊಂಡಿರದವುಗಳಿಗೆ ಬೆಲೆ ಕಡಿಮೆ. ಬೆಲೆ ಕಡಿಮೆ ಇರುವುದನ್ನು ಭಾವ ಏಕೆ ಕೊಂಡರೆಂದು ಅವರನ್ನು ಬಲ್ಲವರಾರೂ ಕೇಳಲಾರರು. ನನ್ನ ಫೋನಿನಿಂದ ಮಾತನಾಡಬಹುದಲ್ಲ ಎಂದರೆ, ಹೆಣ್ಣು ಹೆತ್ತವನು ಸಂಬಂಧದ ಮಾತನ್ನು ಸಾಲದ ಫೋನಿನಲ್ಲಿ ಆಡಬಾರದು ಎಂಬ, ಯಾವ ಶಾಸ್ತ್ರದಲ್ಲಿಯೂ ಇಲ್ಲದ ನಿಯಮವನ್ನು ಮುಂದಿಟ್ಟರು.

ಹೀಗೆ ಅವರ ಫೋನಿನಲ್ಲಿ ಜೀವಂತವಾಗಿ ಉಳಿದದ್ದು ಮುಂಬಯಿಯ ಸಿಮ್ ಒಂದೇ. 3454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್ ನಿಲ್ದಾಣದಲ್ಲಿ ಇಳಿದು, ಉಸಿರು ಸಾಲದೆ, ಕಿವಿಗೆ ಮಫ್ಲರ್ ಸುತ್ತಿಕೊಂಡು ಹಿಮವನ್ನು ನೋಡುತ್ತ ನಿಂತಿದ್ದಾಗ ಅದು ರಿಂಗಾಯಿತು. ಪರದೆಯಲ್ಲಿ ಮುಂಬಯಿಯ ನಂಬರು. ಅತ್ತೆಗೆ ಏನಾಯಿತೋ ಎಂಬ ಗಾಬರಿಯಲ್ಲಿ ಭಾವ ಕೈಗವಸನ್ನು ಹಲ್ಲಿನಿಂದ ಕಿತ್ತು ಕರೆ ಎತ್ತಿದರೆ, ತಮಗೆ ವೈಯಕ್ತಿಕ ಸಾಲ ಮಂಜೂರಾಗಿದೆ ಎಂದು ಒಬ್ಬ ಹುಡುಗಿ ಮಧುರವಾದ ಹಿಂದಿಯಲ್ಲಿ ತಿಳಿಸಿದಳು. ಊರಿನಲ್ಲಿ ಒಳಬರುವ ಕರೆಗೆ ಹಣ ಕೊಡುವ ಕಾಲ 2003ರಲ್ಲಿಯೇ ಮುಗಿದಿದೆ. ವಿದೇಶದ ರೋಮಿಂಗ್‌ನಲ್ಲಿ ಅದು ಇನ್ನೂ ಜೀವಂತವಾಗಿದ್ದು, ಎತ್ತಿದವನೇ ತೆರಬೇಕು. ಭಾವ ಕರೆಯನ್ನು ಕಡಿಯಬಹುದಿತ್ತು. ಅದರ ಬದಲು, ನಿವೃತ್ತ ಬ್ಯಾಂಕ್ ಉದ್ಯೋಗಿಗೆ ಸಾಲ ಕೊಡಲು ಬರುವುದು ಎಂಥ ಅವಿವೇಕ, ವಿದೇಶದಲ್ಲಿರುವವನಿಗೆ ಫೋನ್ ಮಾಡಿದರೆ ಅವನಿಗೆ ನಿಮಿಷಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂಬುದನ್ನು ಅವರು ಆ ಹುಡುಗಿಗೆ ನಿಮಿಷಗಟ್ಟಲೆ ವಿವರಿಸಿದರು. ಅವಳು ತಾಳ್ಮೆಯಿಂದ ಎಲ್ಲವನ್ನೂ ಕೇಳಿ, ಆ ಖರ್ಚಿಗೂ ಸಾಲ ಸಿಗುತ್ತದೆ ಎಂದಳು.

ಬಾಸೆಲ್‌ನಲ್ಲಿ ಹುಡುಗ ನಮ್ಮನ್ನು ಊಟಕ್ಕೆ ಕರೆದ, ಸಾರು ಅನ್ನ ತಾನೇ ಮಾಡಿ ಬಡಿಸಿದ. ಎಲ್ಲರಿಗೂ ಹಿಡಿಸಿದ. ಹುಡುಗಿಗಿಂತ ವಯಸ್ಸು ಸ್ವಲ್ಪ ಹೆಚ್ಚಾಯಿತೇನೋ ಎಂಬುದೊಂದೇ ಕೊರತೆ. ಇನ್ನು ಅತ್ತೆಯ ಒಪ್ಪಿಗೆ ಬೇಕು. ಹೋಟೆಲಿನ ವೈಫೈ ಇತ್ತು; ಆದರೆ ಹೆಸರು ಮತ್ತು ಕೋಣೆಯ ಸಂಖ್ಯೆಯನ್ನು ಹೇಳಿದವರಿಗೆಲ್ಲ ಅದು ತೆರೆದುಕೊಳ್ಳುವುದರಿಂದ ನಂಬಿಕೆಗೆ ಅರ್ಹವಲ್ಲವೆಂದು ಭಾವ ತಳ್ಳಿಹಾಕಿದರು. ಸಂದೇಶವೇ ಗೂಢಲಿಪಿಯಲ್ಲಿ ಹೋಗುವಾಗ ವೈಫೈ ಯಾರದ್ದಾದರೇನು ಎಂಬ ನನ್ನ ವಾದ ಸರಿಯಾಗಿಯೇ ಇತ್ತು, ಗೆಲ್ಲಲಿಲ್ಲ. ಹುಡುಗನೇ ಒಂದು ಉಪಾಯ ಹೇಳಿದ. ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಕೂಡುವ ಊರು ಅದು. ನಿಜವಾದ ಗಡಿಬಿಂದು ರೈನ್ ನದಿಯ ನಡುವೆ ಇದೆ. ಬಂದರಿನ ಕಡೆಯ ದಂಡೆಯ ಮೇಲೆ ಅದರ ಗುರುತಿಗೆ ಲೋಹದ ಎತ್ತರವಾದ ಸ್ತಂಭವೊಂದನ್ನು ನಿಲ್ಲಿಸಿದ್ದಾರೆ. ಅಲ್ಲಿ ಹೋಗಿ ನಿಂತರೆ ಆಚೆ ದಡದ ಫ್ರಾನ್ಸಿನ ನೆಟ್‌ವರ್ಕ್ ಫೋನಿಗೆ ಸಿಗುತ್ತದೆ. ಭಾವ 8ನೇ ನಂಬರಿನ ಟ್ರಾಮ್ ಹಿಡಿದು ಅಲ್ಲಿಗೆ ಹೋದರು. ಟ್ರಾಮಿನ ಟಿಕೆಟ್ಟಿಗೆ ಕೊಟ್ಟ ಫ್ರಾಂಕುಗಳನ್ನು ನಾವು ಮಾತಿನ ಖರ್ಚಿಗೆ ಸೇರಿಸಲಿಲ್ಲ. ಸ್ತಂಭದ ಬುಡದಲ್ಲಿ ಫೋನನ್ನು ತಲೆಯ ಮೇಲೆತ್ತಿ ಒಂದೆರಡು ಹೆಜ್ಜೆ ಎಡಕ್ಕೆ ಬಲಕ್ಕೆ ಸರಿದಾಗ ಇ-ಸಿಮ್‌ಗೆ ಮರುಜೀವ ಬಂತು. ಅವರು ಬರೆದರು: “ಚೀಸ್ ಬಹಳ ಚೆನ್ನಾಗಿದೆ. ಸ್ವಲ್ಪ ಹಳೆಯದು. ಚಳಿ ವಿಪರೀತ. ಏನು ಮಾಡೋಣ?”

ಉತ್ತರ ತಡವಿಲ್ಲದೆ ಬಂತು: “ಹಳೆಯದಾಗಿದ್ದರೆ ತಿನ್ನಬೇಡಿ. ಹೊಟ್ಟೆ ಕೆಡುತ್ತದೆ. ಸ್ವೆಟರ್ ಹಾಕಿಕೊಳ್ಳಿ.”

ಅನಂತರ ಕರೆ ಮಾಡದೆ ವಿಧಿಯಿರಲಿಲ್ಲ. ಅತ್ತೆ ಕಿವಿಯ ತೊಂದರೆಯಿಂದಾಗಿ ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಕಟ್ಟೆಯ ಮೇಲೆ ಒರಗಿಸಿಟ್ಟು ಮಾತನಾಡುವವರು. ಅವರ ಅಡುಗೆಮನೆಯ ಕಿಟಕಿ ಎದುರಿನ ಕಟ್ಟಡದ ಅಷ್ಟೂ ಅಡುಗೆಮನೆಗಳಿಗೆ ಮುಖಮಾಡಿದೆ. ಚೀಸ್ ಎಂದರೆ ಹುಡುಗ, ಚಳಿ ಎಂದರೆ ಸಂಬಳ ಎಂದು ಭಾವ ರೈನ್ ನದಿಯ ದಂಡೆಯಲ್ಲಿ ಬಿಡಿಬಿಡಿಸಿ ಕೂಗಿ ಹೇಳಿದ್ದು ಮಾಟುಂಗದ ಆ ಗಲ್ಲಿಗೆ ಸ್ಪಷ್ಟವಾಗಿ ಕೇಳಿಸಿರಬೇಕು. ಹುಡುಗನ ಗೋತ್ರ, ಬಣ್ಣ, ಎತ್ತರ, ಕನ್ನಡಕದ ನಂಬರು, ಸಾರಿಗೆ ಹುಳಿ ಮುಂದಾದದ್ದು, ಎಲ್ಲವೂ ಸಾವಕಾಶವಾಗಿ ಚರ್ಚೆಯಾದವು, ಏಕೆಂದರೆ ಮಾತು ಪುಕ್ಕಟೆಯಾಗಿತ್ತು. ಇಲ್ಲಿ ನನಗೆ ಹಳೆಯ ಐಎಸ್‌ಡಿ ಬೂತುಗಳ ನೆನಪಾಗದೆ ಇರದು. 1990ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಮಾತನಾಡಲು ನಿಮಿಷಕ್ಕೆ 60 ರೂಪಾಯಿಯ ಆಸುಪಾಸು ತೆರಬೇಕಾಗಿತ್ತು. ಗಾಜಿನ ಗೂಡಿನಲ್ಲಿ ನಿಂತವನ ಕಣ್ಣು ಮೀಟರಿನ ಕೆಂಪು ಅಂಕಿಗಳ ಮೇಲೆಯೇ ಇರುತ್ತಿದ್ದುದರಿಂದ ಅವನ ಬಾಯಿಂದ ಕ್ಷೇಮ ಸಮಾಚಾರದ ಆಚೆಗೆ ಏನೂ ಹೊರಡುತ್ತಿರಲಿಲ್ಲ. 2002ರ ಏಪ್ರಿಲ್ 1ರಂದು ವಿದೇಶ ಕರೆಗಳ ಮೇಲಿನ ಸರಕಾರಿ ಏಕಸ್ವಾಮ್ಯ ಕೊನೆಗೊಂಡು, ಇಂಟರ್‌ನೆಟ್ ಮೂಲಕ ಕರೆ ಮಾಡುವುದಕ್ಕೂ ಅನುಮತಿ ಸಿಕ್ಕಿತು. ದರ ಇಳಿಯುತ್ತ ಸೊನ್ನೆಗೆ ಬಂತು. ಗುಟ್ಟುಗಳನ್ನು ಗೂಢಲಿಪಿಗಿಂತ ಹೆಚ್ಚು ಬಿಗಿಯಾಗಿ ಕಾಪಾಡಿದ್ದು ಆ 60 ರೂಪಾಯಿಯೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಆದರೂ ಕಿಟಕಿಯಿಂದ ಹೋದದ್ದು ಕನ್ನಡ ಬಾರದ ನೆರೆಹೊರೆಗೆ. ಅದರಿಂದ ಹೆಚ್ಚು ಹಾನಿ ಆಗಿರಲಾರದು. ಹಾನಿಯಾದದ್ದು ತಾವಾಗಿಯೇ ಅಳಿಸಿಹೋಗುವ ಸಂದೇಶಗಳಿಂದ. ಮರುದಿನಕ್ಕೆ ಎಲ್ಲವೂ ಮಾಯವಾಗುತ್ತದೆ ಎಂದು ಗೊತ್ತಿದ್ದ ಅತ್ತೆ, ಬಂದ ಸಂದೇಶವನ್ನೆಲ್ಲ ಬಾಲ್‌ಪೆನ್ನಿನಿಂದ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಚೌಕದೊಳಗೆ ನಕಲು ಮಾಡಿಟ್ಟಿದ್ದರು. ಊರಿಗೆ ಮರಳಿದ ಮೇಲೆ ಅದನ್ನು ನಾನು ಕಣ್ಣಾರೆ ನೋಡಿದೆ. ‘ಗ್ಯಾಸ್ ಬಂತು’ ಮತ್ತು ‘ಏಕಾದಶಿ’ಗಳ ನಡುವೆ, ದುಂಡಗಿನ ಅಕ್ಷರಗಳಲ್ಲಿ ಹುಡುಗನ ಹೆಸರು, ನಕ್ಷತ್ರ, ಫ್ರಾಂಕುಗಳಲ್ಲಿ ಸಂಬಳ, ಅದರ ಕೆಳಗೆ ರೂಪಾಯಿಗೆ ಗುಣಿಸಿದ ಲೆಕ್ಕ; ಮತ್ತೊಮ್ಮೆ ಮರೆಯಬಾರದೆಂದು ಅಂಚಿನಲ್ಲಿ ಗೆರೆ ಎಳೆದು, ‘ಚೀಸ್ ಅಂದರೆ ವರ, ಹಳೆಯದು ಅಂದರೆ ವಯಸ್ಸು.’ ಶನಿವಾರದ ಭಜನಾ ಮಂಡಳಿಯ ಹೆಂಗಸರು ಚಹಾಕ್ಕೆಂದು ಬಂದು ನಿಲ್ಲುವುದು ಆ ಕ್ಯಾಲೆಂಡರಿನ ಎದುರಿಗೇ. ಅವರೆಲ್ಲರಿಗೂ ಕನ್ನಡ ಓದಲು ಬರುತ್ತದೆ. ಒಬ್ಬರು ಬರುವುದು ಮುಲುಂಡಿನಿಂದ.

ನಾವು ಬಂದಿಳಿದ ಮರುದಿನ ಬೆಳಿಗ್ಗೆ, ನಾನು ಡೊಂಬಿವಲಿಯಲ್ಲಿಯೇ ಇದ್ದಾಗ, ಹುಡುಗನ ತಾಯಿಯ ಫೋನು ಬಂತು. ಪ್ರಯಾಣ, ಹವೆ, ಆರೋಗ್ಯ ಎಲ್ಲವನ್ನೂ ವಿಚಾರಿಸಿದ ಬಳಿಕ ಆಕೆ ಅತ್ಯಂತ ವಿನಯದಿಂದ, “ನಮ್ಮ ಚೀಸ್ ಅಷ್ಟೇನೂ ಹಳೆಯದಲ್ಲ, ರಾಯರೇ, ಬರುವ ಮಾಘಕ್ಕೆ ಮೂವತ್ತೆರಡು ತುಂಬುತ್ತದೆ,” ಎಂದರು. ಒಳಬರುವ ಕರೆ, ಪೂರ್ತಿ ಉಚಿತ, ಪರದೆಯ ಮೇಲೆ ಸಿಗ್ನಲ್ಲಿನ ಕಡ್ಡಿಗಳು ಒಂದೂ ಕಡಿಮೆಯಿಲ್ಲ. ಭಾವ ಫೋನನ್ನು ಮುಖದಿಂದ ದೂರ ಹಿಡಿದು, “ಹಲೋ, ಹಲೋ, ರೋಮಿಂಗ್‌ನಲ್ಲಿದ್ದೇನೆ, ಸರಿಯಾಗಿ ಕೇಳಿಸುತ್ತಿಲ್ಲ,” ಎಂದು ಕರೆ ಕಡಿದು, ಫೋನನ್ನು ಅಕ್ಕನ ಕೈಗೆ ಕೊಟ್ಟು ಸ್ನಾನಕ್ಕೆ ಹೋದರು.